ಅವ್ವನ ಉದ್ಯೋಗ

೧೯೭೧ನೆಯ ಇಸವಿಯ ಮಾರ್ಚ್ ತಿಂಗಳು. ಸವದತ್ತಿ ತಾಲೂಕಿನ ನಮ್ಮ ಹಳ್ಳಿಯ ಪ್ರಾಥಮಿಕ ಶಾಲೆಗೆ ನಾನು ಮಾಸ್ತರನಾಗಿ ಸೇರಿ ಇನ್ನೂ ವರುಷ ತುಂಬಿರಲಿಲ್ಲ. ಲೋಕಸಭೆಯ ಚುನಾವಣೆ ನಡುವೆ ಬಂದುದರಿಂದ ಆ ಸಲದ ಜನಗಣತಿ ತುಸು ಮುಂದಕ್ಕೆ ಹೋಗಿ, ಮಾರ್ಚ್ ೧೦ರಿಂದ ೩೧ರವರೆಗೆ ನಡೆಯಿತು. ಎಣಿಕೆಯ ಕೆಲಸ ವಾಡಿಕೆಯಂತೆ ಮಾಸ್ತರರ ಪಾಲಿಗೆ ಬಂತು. ಓಣಿ ಓಣಿ ತಿರುಗಿ, ಕಂಡವರ ಕಟ್ಟೆಯ ಮೇಲೆ ಕುಳಿತು ಚೀಟಿಗಳನ್ನು ತುಂಬುತ್ತ ಬಂದ ನಾನು ಒಂದು ಮಧ್ಯಾಹ್ನ ನಮ್ಮ ಮನೆಯ ಮುಂದೆ ನಿಂತಾಗ ಬಾಗಿಲಿಗೆ ಕೀಲಿ ಬಿದ್ದಿತ್ತು. ಸುಗ್ಗಿಯ ಕಾಲ, ಎಲ್ಲರೂ ಕಣದಲ್ಲಿದ್ದರು. ಚೀಟಿಗಳ ಕಟ್ಟನ್ನು ಬಗಲಲ್ಲಿ ಇರುಕಿಕೊಂಡು ನಾನೂ ಕಣಕ್ಕೇ ಹೋದೆ.

ಅಪ್ಪನ ಹೆಸರಿನ ಮುಂದೆ ಒಕ್ಕಲುತನ ಎಂದು ಬರೆದೆ. ಅಣ್ಣನ ಹೆಸರಿನ ಮುಂದೆಯೂ ಅದನ್ನೇ ಬರೆದೆ. ಅವ್ವ ಬೇವಿನ ಗಿಡದ ನೆರಳಿನಲ್ಲಿ ಕುಳಿತು ಮೊರದಲ್ಲಿ ಕಡಲೆ ಕೇರುತ್ತಿದ್ದಳು. ಅವಳ ಉದ್ಯೋಗ ಯಾವುದೆಂದು ನಾನು ಕೇಳಲಿಲ್ಲ. ಕೇಳದೆಯೇ ಮನೆಗೆಲಸ ಎಂದು ಬರೆದೆ.

"ನನಗೇನಂತ ಬರದೀಪಾ ಮಾಸ್ತರಾ?" ಎಂದು ಅವಳೇ ವಿನೋದಕ್ಕೆ ಕೇಳಿದಳು.

"ಮನಿಗೆಲಸ ಅಂತ, ಅವ್ವಾ."

ಅವ್ವ ಮೊರವನ್ನೊಮ್ಮೆ ಕೊಡವಿದಳು. ಸುತ್ತಲೂ ಒಟ್ಟಿದ್ದ ಹೊಟ್ಟು, ರಾಶಿ, ಕಟ್ಟಿದ ಎತ್ತುಗಳ ಮೇಲೆ ಕಣ್ಣಾಡಿಸಿ, "ಹಂಗಾರ ಈ ಕಣಾನೂ ಮನೀನ ಅನ್ನು" ಎಂದಳು.

ಅಪ್ಪ ನಕ್ಕ. ನಾನೂ ನಕ್ಕೆ. ಚೀಟಿಯಲ್ಲಿ ಎರಡನೆಯ ಉದ್ಯೋಗಕ್ಕೆಂದು ಇನ್ನೊಂದು ಖಾನೆಯೂ ಇತ್ತು. ಬಿಸಿಲೇರಿತ್ತು; ಇನ್ನೂ ಹನ್ನೆರಡು ಮನೆಗಳು ಬಾಕಿ ಇದ್ದವು. ಆ ಖಾನೆಯಲ್ಲಿ ಒಂದು ಅಡ್ಡಗೆರೆ ಎಳೆದು ನಾನು ಎದ್ದುಬಂದೆ. ಅಂದು ಊರಿನ ಬಹುತೇಕ ಹೆಂಗಸರ ಚೀಟಿಗಳಲ್ಲಿ ಹಾಗೆಯೇ ಗೆರೆ ಎಳೆದಿದ್ದೆ.

ಈ ಗೆರೆಯ ಬೆಲೆ ಎಷ್ಟೆಂಬುದು ನನಗೆ ತಿಳಿದದ್ದು ಬಹಳ ವರ್ಷಗಳ ಮೇಲೆ. ೧೯೬೧ರ ಗಣತಿಯಲ್ಲಿ ನಿಯಮ ಬೇರೆ ಇತ್ತು. ಬಿತ್ತನೆ ಸುಗ್ಗಿಗಳ ಹಂಗಾಮಿನ ಹೆಚ್ಚಿನ ಭಾಗದಲ್ಲಿ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ದುಡಿದವರನ್ನೆಲ್ಲ ದುಡಿಮೆಗಾರರೆಂದು ಹಿಡಿಯುತ್ತಿದ್ದರು. ಆ ಲೆಕ್ಕದಂತೆ ದೇಶದ ನೂರು ಹೆಂಗಸರಲ್ಲಿ ಸುಮಾರು ೨೮ ಮಂದಿ ದುಡಿಯುವವರಾಗಿದ್ದರು. ೧೯೭೧ರಲ್ಲಿ "ಮುಖ್ಯ ಉದ್ಯೋಗ ಯಾವುದು?" ಎಂದು ಕೇಳಬೇಕೆಂದಾಯಿತು, ನೂರಕ್ಕೆ ೨೮ ಇದ್ದದ್ದು ಸುಮಾರು ೧೨ಕ್ಕೆ ಇಳಿಯಿತು. ಹತ್ತು ವರ್ಷಗಳಲ್ಲಿ ಭರತಖಂಡದ ಅರ್ಧಕ್ಕಿಂತ ಹೆಚ್ಚು ದುಡಿಯುವ ಹೆಂಗಸರು ಕೈಕಟ್ಟಿ ಕುಳಿತರೇ? ಕುಳಿತಿರಲಿಲ್ಲ. ನನ್ನಂಥ ಮಾಸ್ತರರು ಬಿಸಿಲಿಗೆ ಅವಸರಪಟ್ಟಿದ್ದರು. ಹೆಂಗಸರ ಸ್ಥಿತಿಗತಿಗಳನ್ನು ವಿಚಾರಿಸಲು ನೇಮಕವಾದ ಸಮಿತಿ ೧೯೭೪ರಲ್ಲಿ ತನ್ನ ವರದಿಯನ್ನು ಒಪ್ಪಿಸಿದಾಗ ಹೆಂಗಸರ ದುಡಿಮೆಯ ಈ ಇಳಿಕೆಯ ಮಾತೂ ಅದರಲ್ಲಿ ಬಂತು. ಆ ಇಳಿಕೆಯಲ್ಲಿ ನಮ್ಮ ಅವ್ವನದೂ ಒಂದು ಪಾಲು ಇದೆ ಎಂಬುದು ನನ್ನ ಹೊರತು ಇನ್ನಾರಿಗೂ ತಿಳಿಯದು.

ಅವ್ವ ಕಿತ್ತೂರು ಸೀಮೆಯವಳು. ಅಲ್ಲಿ ಮಲೆನಾಡಿನ ಸೆರಗು ತಾಕುತ್ತದೆ. ಮಳೆ ಹೆಚ್ಚು, ಭತ್ತದ ಗದ್ದೆಗಳುಂಟು. ಹದಿನೈದರ ವಯಸ್ಸಿನಲ್ಲಿ ಮದುವೆಯಾಗಿ ಬೈಲಹೊಂಗಲವನ್ನು ದಾಟಿ ಸವದತ್ತಿಯ ಎರೆನೆಲಕ್ಕೆ ಬಂದಾಗ ಅವಳಿಗೆ ರೊಟ್ಟಿ ಬಡಿಯಲು ಬರುತ್ತಿರಲಿಲ್ಲವಂತೆ. ನಮ್ಮ ಜಿಲ್ಲೆಯಲ್ಲಿ ಪಡುವಣದಿಂದ ಮೂಡಣಕ್ಕೆ ಹೋದಂತೆ ಮಳೆ ಕಡಿಮೆಯಾಗುತ್ತ, ಅನ್ನ ಹೋಗಿ ರೊಟ್ಟಿ ಬರುತ್ತದೆ. ಹೆಣ್ಣುಮಕ್ಕಳು ಆ ದಾರಿಯಲ್ಲಿ ಹೋದರೆ ಮೊದಲು ಸೋಲುವುದು ಕೈ. ಜೋಳದ ಹಿಟ್ಟು ಗೋದಿಯಂತೆ ಜಿಗಿಯಲ್ಲ. ನೀರು ಕುದಿದ ಹದ, ನಾದುವ ಹದ, ಅಂಗೈ ತಿರುಗುವ ಹದ ಮೂರೂ ಕೂಡಿಬರದಿದ್ದರೆ ಅಂಚು ಸೀಳಿಬಿಡುತ್ತದೆ. ಮೊದಲ ಒಂದು ತಿಂಗಳು ಸೀಳಿದ ರೊಟ್ಟಿಗಳನ್ನೆಲ್ಲ ಅವಳೇ ತಿನ್ನಬೇಕೆಂದು ಅಜ್ಜಿಯ ಕಟ್ಟಳೆ. "ಆ ತಿಂಗಳು ಮೈ ತುಂಬಿಕೊಂಡಿದ್ದೆ" ಎಂದು ಅವ್ವ ನಗುತ್ತಿದ್ದಳು. ನನ್ನ ತಂಗಿಯನ್ನು ಮುಂದೆ ರಾಮದುರ್ಗದ ಕಡೆಗೆ ಕೊಟ್ಟೆವು. ಅದು ಇನ್ನೂ ಒಣ ಭೂಮಿ. ಆದರೆ ಅವಳು ರೊಟ್ಟಿ ಬಡಿಯುವುದನ್ನು ಕಲಿತೇ ಹೋದಳು.

ಬೆಳ್ಳಿಚುಕ್ಕಿ ಮೂಡುವ ಮೊದಲೇ ಅವ್ವ ಏಳುತ್ತಿದ್ದಳು. ನನ್ನ ಬಾಲ್ಯದ ನಿದ್ದೆಯ ಕೊನೆಯ ಭಾಗಕ್ಕೆಲ್ಲ ಬೀಸುಕಲ್ಲಿನ ಸದ್ದು ಅಂಟಿಕೊಂಡಿದೆ. ಬೀಸುವುದು ಮುಗಿದರೆ ಕೊಟ್ಟಿಗೆಯ ಹೆಂಡಿ ಬಳಿಯುವುದು, ನೀರು, ಹಿಂಡುವುದು, ಒಲೆ; ಆಮೇಲೆ ನಾಲ್ಕು ಜನ ಉಣ್ಣುವಷ್ಟು ರೊಟ್ಟಿಯ ಬುತ್ತಿಯನ್ನು ತಲೆಯ ಮೇಲೆ ಹೊತ್ತು ಹೊಲದ ಹಾದಿ. ಹೊಲದಲ್ಲಿ ಅವಳು ಬುತ್ತಿಯನ್ನು ಇಳಿಸಿ ಹಿಂದಿರುಗುತ್ತಿದ್ದಳೆಂದು ಯಾರಾದರೂ ತಿಳಿದರೆ ಅದು ನನ್ನ ೧೯೭೧ರ ತಿಳಿವಳಿಕೆ ಮಾತ್ರವಾದೀತು. ಕಸ ತೆಗೆಯುವುದು ಅವಳ ಕೆಲಸ, ಹತ್ತಿ ಬಿಡಿಸುವುದು ಅವಳ ಕೆಲಸ, ಕಿತ್ತ ಜೋಳದ ತೆನೆ ಮುರಿಯುವುದು ಅವಳ ಕೆಲಸ. ಎಡೆ ಹೊಡೆಯುವುದು ಗಂಡಸಿನದು. ಆದರೆ ಎಡೆಕುಂಟೆ ಎರಡು ಸಾಲುಗಳ ನಡುವಿನ ಕಸವನ್ನು ಮಾತ್ರ ತೆಗೆದೀತು. ಸಾಲಿನೊಳಗೆ, ಪೈರಿನ ಬುಡಕ್ಕೇ ಹತ್ತಿದ ಕಸವನ್ನು ಬಗ್ಗಿ ಕುಳಿತು ಕುರ್ಪಿಯಿಂದಲೇ ತೆಗೆಯಬೇಕು. ಎತ್ತು ಮಾಡಲಾರದ ಕೆಲಸವೆಲ್ಲ ಹೆಂಗಸರಿಗೆ ಎಂಬುದು ನಮ್ಮ ಒಕ್ಕಲುತನದ ಬರೆಯದ ಕಾಯಿದೆ.

ಬೀಸುಕಲ್ಲಿನ ಮಾತು ಬಂದದ್ದರಿಂದ ಒಂದು ವಿಷಯ ಹೇಳಿಬಿಡುತ್ತೇನೆ. ಹಲಸಂಗಿಯ ಗೆಳೆಯರು ೧೯೩೧ರಲ್ಲಿ "ಗರತಿಯ ಹಾಡು" ಸಂಗ್ರಹವನ್ನು ಹೊರತಂದು ಕನ್ನಡಕ್ಕೆ ಮಾಡಿದ ಉಪಕಾರ ದೊಡ್ಡದು. ಓದುಬರಹ ಬಾರದ ತಾಯಂದಿರಲ್ಲಿ ಎಂಥ ಕವಿತ್ವವಿದೆ ಎಂಬುದನ್ನು ಪಂಡಿತರು ಕಂಡದ್ದು ಆಗ. ಊರೂರಿಗೆ ಗಿರಣಿ ಬಂದು ಆ ಹಾಡು ನಿಂತುಹೋಯಿತೆಂದು ನಮ್ಮ ಸಾಹಿತ್ಯರಸಿಕರು ಮರುಗುವುದನ್ನು ಎಷ್ಟೋ ಸಭೆಗಳಲ್ಲಿ ಕೇಳಿದ್ದೇನೆ. ಒಮ್ಮೆ ನಾನೂ ಮನೆಯಲ್ಲಿ ಹಾಗೆಯೇ ಮರುಗಿದೆ. ಅವ್ವ ಮರುಗಲಿಲ್ಲ. "ಹಾಡಿನ ಆಶೇಕ ಯಾರೂ ಬೀಸ್ತಿದ್ದಿಲ್ಲೋ ತಮ್ಮಾ, ಬೀಸೂ ತ್ರಾಸಿಗೆ ಹಾಡ್ತಿದ್ವಿ" ಎಂದಳು. ಗಿರಣಿ ಬಂದ ದಿನ ಅವಳು ಅದಕ್ಕೆ ಕುಂಕುಮ ಹಚ್ಚಿ ಬಂದಿದ್ದಳು.

ಬೀಜದ ವಿಚಾರ ಮಾತ್ರ ಹಾಗಲ್ಲ. ಅಲ್ಲಿ ಅವಳು ಕಳೆದುಕೊಂಡದ್ದು ಇದೆ. ನನ್ನ ಬಾಲ್ಯದಲ್ಲಿ ನಮ್ಮ ಮನೆಯ ಬೀಜವೆಲ್ಲ ಅವ್ವನ ಕೈಯಲ್ಲಿತ್ತು. ಕಣದಲ್ಲಿ ರಾಶಿಯಾಗುವ ಮೊದಲೇ ದುಂಡಗೆ ತುಂಬಿದ, ರೋಗ ತಗಲದ ತೆನೆಗಳನ್ನು ಆರಿಸಿ ಬೇರೆ ಕಟ್ಟುವವಳು ಅವಳು. ಒಣಗಿಸಿ, ಬಡಿದು, ಬೂದಿ ಕಲಸಿ, ಬೇವಿನ ಎಲೆ ಹಾಕಿ ಗಡಿಗೆಯಲ್ಲಿ ತುಂಬಿ, ಬಾಯಿಗೆ ಸೆಗಣಿ ಮೆತ್ತಿ ಅಟ್ಟದ ಮೇಲೆ ಇಡುವವಳೂ ಅವಳೇ. ತಿನ್ನುವ ಜೋಳ ಹಗೇವಿಗೆ ಹೋಗುತ್ತಿತ್ತು. ಮನೆಯ ಮುಂದಿನ ಆ ನೆಲಗಣಜವನ್ನು ತೆರೆದಾಗ ಕೆಟ್ಟ ಗಾಳಿ ಇದೆಯೇ ಎಂದು ದೀಪ ಇಳಿಬಿಟ್ಟು ನೋಡಿ, ದೀಪ ಆರದಿದ್ದರೆ ಮಾತ್ರ ಅಪ್ಪ ಒಳಗೆ ಇಳಿಯುತ್ತಿದ್ದ. ಹಗೇವು ಅಪ್ಪನದು, ಗಡಿಗೆ ಅವ್ವನದು. ಬರಗಾಲದಲ್ಲಿ ಹಗೇವು ಬರಿದಾಗಿ ಮಕ್ಕಳು ಹಸಿದು ಅತ್ತಾಗಲೂ ಅವಳು ಗಡಿಗೆಯ ಬಾಯನ್ನು ಒಡೆಯಲಿಲ್ಲ. ಆ ಮನೆಯಲ್ಲಿ ಅದಕ್ಕಿಂತ ದೊಡ್ಡ ಅಧಿಕಾರ ಬೇರೊಂದು ಇರಲಿಲ್ಲ. ಬಿತ್ತುವ ದಿನ ಉಡಿಯಲ್ಲಿ ಬೀಜ ಕಟ್ಟಿಕೊಂಡು ಕೂರಿಗೆಯ ಹಿಂದೆ ನಡೆದು ಬಟ್ಟಲಿಗೆ ಕಾಳು ಬಿಡುವವಳೂ ಅವಳೇ ಆಗಿದ್ದಳು. ಮುಷ್ಟಿ ಸಡಿಲಾದರೆ ಪೈರು ದಟ್ಟ, ಬಿಗಿಯಾದರೆ ತೆಳು. ಅವಳ ಮುಷ್ಟಿಯನ್ನು ನಂಬಿ ಅಪ್ಪ ಎಂದೂ ಹಿಂದಿರುಗಿ ನೋಡುತ್ತಿರಲಿಲ್ಲ.

೧೯೬೪ರಲ್ಲಿ ಜೋಳದ ಮೊದಲ ಸಂಕರ ತಳಿ ಬಂತು. ೧೯೭೨ರಲ್ಲಿ ನಮ್ಮ ಧಾರವಾಡದಲ್ಲಿಯೇ ವರಲಕ್ಷ್ಮಿ ಹತ್ತಿ ಸಿದ್ಧವಾಯಿತು. ಒಕ್ಕಲಿಗರ ಕೈಯಲ್ಲಿ ಆಗ ರೊಕ್ಕ ಆಡಿದ್ದು ನಿಜ, ನನ್ನ ತಂಗಿಯ ಮದುವೆ ನಡೆದದ್ದೂ ಹತ್ತಿಯ ಹಣದಿಂದಲೇ. ಇಳುವರಿಯನ್ನು ಹಳಿದು ಹಳೆಯದನ್ನು ಹೊಗಳುವ ಚಪಲ ನನಗಿಲ್ಲ. ಆದರೆ ಸಂಕರ ಬೀಜವನ್ನು ಮನೆಯಲ್ಲಿ ತೆಗೆದಿಟ್ಟು ಮರುವರ್ಷ ಬಿತ್ತಿದರೆ ಮೊದಲಿನ ಗುಣ ಬಾರದು. ಪ್ರತಿವರ್ಷ ಪೇಟೆಯಿಂದ ತರಬೇಕು. ಪೇಟೆಗೆ ಹೋಗುವವನು ಅಪ್ಪ. ಹೀಗೆ ಅಟ್ಟದ ಗಡಿಗೆಗಳು ಒಂದೊಂದಾಗಿ ಬರಿದಾದವು. ಬಿತ್ತುವುದರ ಬಗ್ಗೆ ಅವ್ವನನ್ನು ಕೇಳುವ ಮಾತೂ ನಿಂತಿತು. ಯಾರೂ ಅವಳಿಂದ ಏನನ್ನೂ ಕಸಿದುಕೊಳ್ಳಲಿಲ್ಲ. ಕೇಳುವುದನ್ನು ಬಿಟ್ಟರು, ಅಷ್ಟೇ.

ನೀರಿನದೂ ಇಂಥದೇ ಕಥೆ. ಕಣಕುಂಬಿಯಲ್ಲಿ ಹುಟ್ಟಿ ನಮ್ಮ ಈ ತಾಲೂಕುಗಳ ನಡುವೆ ಹರಿದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುವ ಮಲಪ್ರಭೆಗೆ ನವಿಲುತೀರ್ಥದಲ್ಲಿ ಅಣೆಕಟ್ಟು ಕಟ್ಟಿದರು. ಹಿಂದೆ ನಿಂತ ನೀರಿಗೆ ರೇಣುಕಾಸಾಗರವೆಂದು ಹೆಸರಾಯಿತು. ಸವದತ್ತಿಯ ಗುಡ್ಡದ ಎಲ್ಲಮ್ಮನೇ ರೇಣುಕೆ. ಜಮದಗ್ನಿಯ ಹೆಂಡತಿಯಾದ ಆಕೆ ದಿನವೂ ಹೊಳೆಯ ಮರಳಿನಲ್ಲಿ ಕೊಡ ಮಾಡಿ, ಹಾವನ್ನೇ ಸಿಂಬೆ ಸುತ್ತಿ, ಗಂಡನ ಪೂಜೆಗೆ ನೀರು ತರುತ್ತಿದ್ದಳೆಂದು ಕಥೆ. ಎಷ್ಟು ವರ್ಷ ತಂದಳೋ ಲೆಕ್ಕವಿಲ್ಲ. ಒಂದು ದಿನ ಮನಸ್ಸು ಕದಲಿ ಕೊಡ ನಿಲ್ಲದೆ ಹೋದದ್ದಕ್ಕೆ ತಲೆ ಹೋಯಿತು. ಬನದ ಹುಣ್ಣಿಮೆಗೆ ಚಕ್ಕಡಿ ಕಟ್ಟಿಕೊಂಡು ಗುಡ್ಡಕ್ಕೆ ಹೋದಾಗಲೆಲ್ಲ ಅವ್ವ ಬಹಳ ಹೊತ್ತು ಕೈಮುಗಿದು ನಿಲ್ಲುತ್ತಿದ್ದಳು. ಏನು ಬೇಡಿಕೊಂಡಳೋ ಕೇಳಿದವರಾರು? ನೀರು ಹೊರುವ ಹೆಂಗಸಿಗೆ ನೀರು ಹೊರುವ ದೇವಿ ಏನು ಹೇಳಿಯಾಳು ಎಂದು ನಾನು ಈಗ ಯೋಚಿಸುತ್ತೇನೆ. ಕಾಲುವೆ ಬಂದ ಮೇಲೆ ನಮ್ಮ ಕೆಳಗಿನ ಹೊಲಕ್ಕೆ ನೀರು ಹರಿಯಿತು. ಒಂದು ಬೆಳೆಯ ಜಾಗದಲ್ಲಿ ಎರಡು ಬೆಳೆಯಾಯಿತು. ಕಸವೂ ಎರಡು ಪಟ್ಟಾಯಿತು. ಕುಡಿಯುವ ನೀರಿಗೆ ಮಾತ್ರ ಅವ್ವ ಊರಾಚೆಯ ಬಾವಿಗೇ ಹೋಗುತ್ತಿದ್ದಳು.

ತಾಯಿಯಾಗಿ ಅವಳು ಹೇಗಿದ್ದಳೆಂದು ಹೇಳುವುದು ಕಷ್ಟ. ಏಳು ಹೆತ್ತಳು, ನಾಲ್ವರು ಉಳಿದೆವು. ಉಳಿಯದ ಮೂವರ ಹೆಸರನ್ನು ಅವಳು ನಮ್ಮ ಮುಂದೆ ಹೇಳುತ್ತಿರಲಿಲ್ಲ. ಆದರೆ ನಾಗರ ಪಂಚಮಿಗೆ ಹಾಲೆರೆಯುವಾಗ ಏಳು ಸಲ ಎರೆಯುತ್ತಿದ್ದಳು. ನಾನು ಹುಟ್ಟುವ ಹಿಂದಿನ ದಿನವೂ ಹತ್ತಿ ಬಿಡಿಸಿ ಬಂದಿದ್ದಳಂತೆ. ಮುದ್ದಿಸುವುದಕ್ಕೆ ಅವಳಿಗೆ ಹೊತ್ತೆಲ್ಲಿತ್ತು? ನನ್ನನ್ನು ಕಲಿಸಬೇಕೆಂದು ಹಟ ಹಿಡಿದು, ತನ್ನ ಎಮ್ಮೆಯ ಬೆಣ್ಣೆಯನ್ನು ಸಂತೆಗೆ ಕಳುಹಿಸಿ, ಆ ಹಣವನ್ನು ಸೆರಗಿನ ತುದಿಯಲ್ಲಿ ಗಂಟು ಹಾಕಿ ಬೈಲಹೊಂಗಲದ ನನ್ನ ಶಾಲೆಯ ಫೀಗೆ ಕೊಟ್ಟವಳು ಅವಳು. ಆ ಬೆಣ್ಣೆಯ ಹಣದಿಂದ ಕಲಿತ ಅಕ್ಷರದಿಂದಲೇ ನಾನು ೧೯೭೧ರಲ್ಲಿ ಅವಳಿಗೆ ಮನೆಗೆಲಸ ಎಂದು ಬರೆದೆ.

೧೯೮೩ರಲ್ಲಿ ಅಪ್ಪ ತೀರಿಕೊಂಡ. ವಾರಸಾ ಅರ್ಜಿಯನ್ನು ಬರೆದವನೂ ನಾನೇ. ಅಷ್ಟರಲ್ಲಿ ನನಗೆ ಬೈಲಹೊಂಗಲದಲ್ಲಿ ಕೆಲಸವಾಗಿತ್ತು. ಕಿತ್ತೂರ ಚೆನ್ನಮ್ಮ ರಾಣಿ ಬಂದಿಯಾಗಿದ್ದು ೧೮೨೯ರ ಫೆಬ್ರುವರಿ ೨೧ರಂದು ತೀರಿಕೊಂಡದ್ದು ಈ ಊರಿನ ಕೋಟೆಯಲ್ಲಿ. ಸಮಾಧಿಯೂ ಇಲ್ಲಿಯೇ ಇದೆ. ವರ್ಷ ವರ್ಷವೂ ಹುಡುಗರನ್ನು ಅಲ್ಲಿಗೆ ಕರೆದೊಯ್ದು, ದತ್ತಕವನ್ನು ಕಂಪನಿ ಸರಕಾರ ಒಪ್ಪದಿದ್ದಾಗ ರಾಣಿ ಹೇಗೆ ಎದುರು ನಿಂತಳು, ೧೮೨೪ರ ಅಕ್ಟೋಬರ್ ೨೩ರಂದು ಥ್ಯಾಕರೆ ಹೇಗೆ ಬಿದ್ದ ಎಂದು ನಾನು ಆವೇಶದಿಂದ ವರ್ಣಿಸುತ್ತಿದ್ದೆ. ವಾರಸಾ ಹಕ್ಕಿಗಾಗಿ ಒಬ್ಬ ಹೆಂಗಸು ಕತ್ತಿ ಹಿಡಿದ ನಾಡು ಇದು. ನಾನು ಅರ್ಜಿಯಲ್ಲಿ ಮೂವರು ಗಂಡುಮಕ್ಕಳ ಹೆಸರನ್ನು ಮಾತ್ರ ಬರೆದೆ. ೧೯೫೬ರ ಕಾಯಿದೆಯಂತೆ ಸತ್ತವನ ಸ್ವತ್ತಿನಲ್ಲಿ ಹೆಂಡತಿಗೂ ಮಗಳಿಗೂ ಗಂಡುಮಕ್ಕಳಷ್ಟೇ ಪಾಲು ಉಂಟೆಂಬುದನ್ನು ನಾನು ಅರಿಯದವನಲ್ಲ. "ಹೆಂಗಸರ ಹೆಸರು ಬಂದ್ರ ಮುಂದ ತೊಡಕಾಕ್ಕತಿ" ಎಂದು ಯಾರೋ ಹೇಳಿದರು, ಹೌದೆನಿಸಿತು. ಒಪ್ಪಿಗೆಯ ಕಾಗದಕ್ಕೆ ಅವ್ವ ಹೆಬ್ಬೆಟ್ಟು ಒತ್ತಿದಳು. ತಂಗಿ ರಾಮದುರ್ಗದಿಂದ ಬಂದು ಸಹಿ ಮಾಡಿ, ಊಟಕ್ಕೂ ನಿಲ್ಲದೆ ಸಂಜೆಯ ಬಸ್ಸಿಗೆ ಹೋದಳು. ಹೆಣ್ಣುಮಕ್ಕಳಿಗೂ ಹುಟ್ಟಿನಿಂದಲೇ ಸಮಪಾಲೆಂದು ಕಾಯಿದೆ ತಿದ್ದಿದ್ದು ೨೦೦೫ರಲ್ಲಿ. ಅಷ್ಟು ದೂರ ಹೋಗಬೇಕಾಗಿರಲಿಲ್ಲ, ಇದ್ದ ಕಾಯಿದೆಯೇ ನಮಗೆ ಸಾಕಾಗಿತ್ತು.

ಎರಡು ವರ್ಷ ಮಳೆ ಕೈಕೊಟ್ಟಾಗ ಅಣ್ಣ ಮಡ್ಡಿಯ ಮೇಲಿನ ಎರಡೆಕರೆಯನ್ನು ಮಾರಿದ. ಮಾರಾಟದ ಕಾಗದಕ್ಕೆ ನಾವು ಮೂವರೂ ಸಹಿ ಮಾಡಿದೆವು. ಅವ್ವನ ಸಹಿ ಬೇಕಾಗಿರಲಿಲ್ಲ. ಬೇಕಾಗಿಲ್ಲವೆಂದ ಮೇಲೆ ಹೇಳುವುದೂ ಬೇಡವೆಂದು ನಾವು ತಿಳಿದೆವು. ಅವಳಿಗೆ ಅದು ಗೊತ್ತಾದದ್ದು ಶೀಗಿ ಹುಣ್ಣಿಮೆಯ ದಿನ.

ಶೀಗಿ ಹುಣ್ಣಿಮೆಯನ್ನು ತಿಳಿಯದ ಓದುಗರಿಗೆ ಒಂದು ಮಾತು: ಪೈರು ತುಂಬಿ ನಿಂತ ಆ ಕಾಲದಲ್ಲಿ ಭೂಮಿತಾಯಿ ಬಸುರಿ ಎಂದು ನಮ್ಮ ಕಡೆಯ ನಂಬಿಕೆ. ಬಸುರಿಗೆ ಬಯಕೆಯ ಊಟ ಬಡಿಸುವಂತೆ ಹೊಲಕ್ಕೆ ಊಟ ಒಯ್ದು, ಚರಗ ಚೆಲ್ಲಿ ಬರಬೇಕು. ಹಿಂದಿನ ರಾತ್ರಿಯೆಲ್ಲ ಅವ್ವ ಮಲಗುತ್ತಿರಲಿಲ್ಲ. ಹೋಳಿಗೆ, ಕಡಬು, ಎಳ್ಳು ಹಚ್ಚಿದ ಸಜ್ಜೆಯ ರೊಟ್ಟಿ, ಪುಂಡಿಪಲ್ಲೆ, ಬುತ್ತಿಯನ್ನ ಎಲ್ಲವನ್ನೂ ಬುಟ್ಟಿಯಲ್ಲಿ ತುಂಬಿಸಿ ಪ್ರತಿಯೊಂದು ಹೊಲಕ್ಕೂ ಹೋಗುವುದು ಅವಳ ವ್ರತ. ಆ ವರ್ಷ ಬುಟ್ಟಿ ಹೊತ್ತು ಅವಳು ಮಡ್ಡಿಯ ಹಾದಿ ಹಿಡಿದಾಗ ಅಣ್ಣ ತಲೆತಗ್ಗಿಸಿ ಸುದ್ದಿ ಹೇಳಿದ. ನಾನೂ ರಜೆಗೆ ಬಂದು ಜೊತೆಯಲ್ಲಿದ್ದೆ. ಅವಳು ಬಯ್ಯಲಿಲ್ಲ, ಅಳಲಿಲ್ಲ, ನಡೆಯುವುದನ್ನೂ ನಿಲ್ಲಿಸಲಿಲ್ಲ. ಬದುವಿನವರೆಗೆ ಹೋಗಿ ಬುಟ್ಟಿ ಇಳಿಸಿದಳು. ಮೂವತ್ತೇಳು ವರ್ಷ ಕಸ ತೆಗೆದ ಹೊಲದೊಳಗೆ ಕಾಲಿಡದೆ, ಬದುವಿನ ಮೇಲೆ ನಿಂತು, ತೋಳು ಬೀಸಿ ಚರಗವನ್ನು ದೂರಕ್ಕೆ ಚೆಲ್ಲಿದಳು. ಕೊಂಡವನ ಪೈರು ಅದು, ಚೆನ್ನಾಗಿಯೇ ಬಂದಿತ್ತು.

ನಮ್ಮ ಭಾಷೆಯಲ್ಲಿ ಒಕ್ಕಲಗಿತ್ತಿ ಎಂಬ ಸೊಗಸಾದ ಮಾತು ಇದೆ. ಒಕ್ಕುವುದೆಂದರೆ ಕಣದಲ್ಲಿ ತೆನೆಯಿಂದ ಕಾಳನ್ನು ಬೇರೆ ಮಾಡುವುದು. ೧೯೮೦ರ ಜುಲೈ ೨೧ರಂದು ನರಗುಂದ ನವಲಗುಂದಗಳಲ್ಲಿ ಮಲಪ್ರಭೆಯ ಒಕ್ಕಲಿಗರ ಮೇಲೆ ಗುಂಡು ಹಾರಿದ ಮೇಲೆ ರೈತ ಎಂಬ ಶಬ್ದ ನಮ್ಮ ಸೀಮೆಯಲ್ಲಿ ಗಟ್ಟಿಯಾಗಿ ಕೇಳಿಬಂತು, ಬರಬೇಕಾದದ್ದೇ. ಅದರ ಸದ್ದಿನಲ್ಲಿ ಒಕ್ಕಲಗಿತ್ತಿ ಎಂಬ ಹಳೆಯ ಮಾತು ಮರೆಗೆ ಸರಿಯಿತೆಂದು ನನಗೆ ಅನಿಸುತ್ತದೆ. ಈಗ ರೈತ ಮಹಿಳೆ ಎಂದು ಎರಡು ಶಬ್ದಗಳನ್ನು ಜೋಡಿಸಿ ಹೇಳಬೇಕಾಗಿದೆ.

೧೯೯೧ರ ಫೆಬ್ರುವರಿಯಲ್ಲಿ ಮತ್ತೆ ಜನಗಣತಿ ಬಂತು. ನಾನು ಎರಡು ದಿನ ಊರಿಗೆ ಹೋಗಿದ್ದೆ. ಅವ್ವನಿಗೆ ಅರವತ್ತು ದಾಟಿತ್ತು; ಹೊಲಕ್ಕೆ ಹೋಗುವುದನ್ನು ಬಿಟ್ಟಿರಲಿಲ್ಲ. ಈ ಸಲ ಬಂದವಳು ಹೊಸದಾಗಿ ಕೆಲಸಕ್ಕೆ ಸೇರಿದ ಚಿಕ್ಕ ವಯಸ್ಸಿನ ಬಾಯಿಯವರು, ನಮ್ಮೂರ ಶಾಲೆಯ ಶಿಕ್ಷಕಿ. ಪ್ರಶ್ನೆ ಬದಲಾಗಿತ್ತು. ಸ್ವಂತ ಹೊಲದಲ್ಲಿ ಸಂಬಳವಿಲ್ಲದೆ ದುಡಿಯುವುದನ್ನೂ ದುಡಿಮೆಯಲ್ಲಿ ಸೇರಿಸಬೇಕೆಂದು ಚೀಟಿಯಲ್ಲಿಯೇ ಅಚ್ಚಾಗಿತ್ತು. ನಾನು ಕಟ್ಟೆಯ ಮೇಲೆ ವರ್ತಮಾನಪತ್ರಿಕೆಯನ್ನು ಹಿಡಿದು ಕುಳಿತಿದ್ದೆ, ಓದುತ್ತಿರಲಿಲ್ಲ.

"ಅವ್ವಾರ, ನೀವು ಹೊಲದಾಗ ದುಡೀತೀರೇನ್ರೀ? ಪಗಾರ ಇಲ್ಲದಿದ್ರೂ ನಡೀತೈತ್ರಿ."

"ಪಗಾರ ಇಲ್ಲದ್ದನ್ನೂ ಹಿಡೀತಾರೇನವ್ವಾ ಈಗ?"

"ಹಿಡೀತಾರ್ರಿ."

ಅವ್ವ ನನ್ನ ಕಡೆಗೊಮ್ಮೆ ನೋಡಿದಳು. ಇಪ್ಪತ್ತು ವರ್ಷಗಳ ಹಿಂದಿನ ಮಾತು ಅವಳಿಗೆ ನೆನಪಿತ್ತೋ ಇಲ್ಲವೋ ನಾನು ಹೇಳಲಾರೆ. ಆಮೇಲೆ ಅವಳು ಸೆರಗು ಸರಿಪಡಿಸಿಕೊಂಡು, ಬೆರಳು ಮಡಚುತ್ತ, ಬೆಳ್ಳಿಚುಕ್ಕಿಯಿಂದ ಪ್ರಾರಂಭಿಸಿ ಒಂದೊಂದಾಗಿ ಹೇಳತೊಡಗಿದಳು. ಹೆಂಡಿಕಸ ಮುಗಿದು ಒಲೆಗೆ ಬರುವಷ್ಟರಲ್ಲಿ ಒಂದು ಕೈಯ ಬೆರಳು ಮುಗಿದಿದ್ದವು. ಆ ಹುಡುಗಿ ಪೆನ್ನು ಎತ್ತಿ ಹಿಡಿದು, ಖಾನೆಯನ್ನೂ ಅವ್ವನ ಮುಖವನ್ನೂ ಸರದಿಯಂತೆ ನೋಡಿದಳು.

"ಇಷ್ಟೆಲ್ಲಾ ಬರಿಯಾಕ ಇದರಾಗ ಜಾಗಾ ಇಲ್ರಿ ಅವ್ವಾರ."

"ಇಲ್ಲಂದ್ರ ಮನೀದೆಲ್ಲಾ ಬಿಡವಾ" ಎಂದಳು ಅವ್ವ. "ಹೊಲದ್ದಷ್ಟ ಬರಿ."